ಮಬ್ಬು ಬೆಳಕಲ್ಲಿ ಗೂಬೆ ಫೋಟೋ: ಕಲಿಯುವವರಿಗೆ ನನ್ನ ಟಿಪ್ಪಣಿ

ನಮ್ಮ ಮನೆ ಕೊಡಗಿನಲ್ಲಿ, ಕಾಫಿ ತೋಟದ ಮಧ್ಯೆ. ಕಣದ ಆಚೆ ಹಾಲುವಾಣದ ಮರವೊಂದಿದೆ, ಅದರ ಒಣಕೊಂಬೆ ಮೇಲೆ ಸಂಜೆ ಹೊತ್ತು ಜಂಗಲ್ ಔಲೆಟ್ ಬಂದು ಕೂರುತ್ತದೆ. ಗೇಣುದ್ದದ ಗೂಬೆ, ಮೈತುಂಬ ಸಣ್ಣ ಅಡ್ಡಪಟ್ಟೆ. ಕಲಿಯುವವರಿಗೆ ಇದೇ ಸರಿ, ಯಾಕೆಂದರೆ ಪೂರ್ತಿ ಕತ್ತಲಾಗುವ ಮೊದಲೇ ಹೊರಗೆ ಬರುತ್ತದೆ.

ಮೊದಲ ಸಂಜೆ 300 ಎಂಎಂ ಲೆನ್ಸ್ ಕೈಯಲ್ಲೇ ಹಿಡಿದು, ಶಟರ್ ಸಮಯ (ಪ್ರತಿ ಫೋಟೋಗೂ ಬೆಳಕು ಒಳಗೆ ಬರುವ ಸಮಯ) 1/25 ಸೆಕೆಂಡ್ ಇಟ್ಟು 80 ಫೋಟೋ ತೆಗೆದೆ. ಕೈ ಅಲುಗಿ ಒಂದೂ ನೆಟ್ಟಗಿರಲಿಲ್ಲ. ಕೈಯಲ್ಲಿ ಹಿಡಿದರೆ 300 ಎಂಎಂಗೆ ಕನಿಷ್ಠ 1/300 ಸೆಕೆಂಡಿನ ವೇಗ ಬೇಕು ಅನ್ನುವುದು ಹಳೇ ಲೆಕ್ಕ, ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯುವ ಚಿಪ್ಪಿನ ಚಿಕ್ಕ ಅಳತೆ) ಆದರೆ 1/450. ಹೊತ್ತು ಮುಳುಗಿದ ಮೇಲೆ ಮರದ ನೆರಳಲ್ಲಿ ಅಷ್ಟು ಬೆಳಕು ಎಲ್ಲಿಂದ ತರೋದು?

ಈಗ ಲೆಕ್ಕ ನೋಡಿ. ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 400 (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸುತ್ತದೆ ಅನ್ನುವ ನಂಬರು) ಇಟ್ಟರೆ ಕ್ಯಾಮೆರಾ 1/4 ಸೆಕೆಂಡ್ ಕೇಳಿತು. ಐಎಸ್‌ಒ ಎರಡು ಪಟ್ಟಾದಾಗೆಲ್ಲ ಶಟರ್ ಸಮಯ ಅರ್ಧ ಆಗುತ್ತದೆ: 800ಕ್ಕೆ 1/8, 1600ಕ್ಕೆ 1/15, 3200ಕ್ಕೆ 1/30, 6400ಕ್ಕೆ 1/60. ನಾಯ್ಸ್ (ಫೋಟೋ ತುಂಬ ಮರಳಿನಂಥ ಚುಕ್ಕಿ) ಬರುತ್ತೆ ಅಂತ ಹೆದರಿ 1600ರಲ್ಲೇ ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಲ್ಲಿ ಬೆಳಗಿಸಿದರೆ ಏನೂ ಲಾಭವಿಲ್ಲ, ನಾಯ್ಸ್ ಹುಟ್ಟುವುದೇ ಬೆಳಕು ಸಾಲದ್ದಕ್ಕೆ, ಐಎಸ್‌ಒ ನಂಬರಿಂದ ಅಲ್ಲ. ರಾ ಫೈಲಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲು) ತೆಗೆಯಿರಿ, ಸಾಕು.

ಆದರೆ ನನಗೆ ಜಾಸ್ತಿ ಸಹಾಯ ಮಾಡಿದ್ದು ಐಎಸ್‌ಒ ಅಲ್ಲ, ಗೂಬೆಯ ಸ್ವಭಾವ. ಅದರ ಕಣ್ಣು ಗುಂಡಿಯಲ್ಲಿ ನಮ್ಮ ಕಣ್ಣಿನ ಹಾಗೆ ಹೊರಳುವುದಿಲ್ಲ, ಏನು ನೋಡಬೇಕಾದರೂ ತಲೆಯನ್ನೇ ತಿರುಗಿಸಬೇಕು. ತಿರುಗಿಸುತ್ತದೆ, ಗಕ್ಕನೆ ನಿಲ್ಲಿಸುತ್ತದೆ, ದಿಟ್ಟಿಸುತ್ತದೆ. ಆ ನಿಂತ ಗಳಿಗೆಯಲ್ಲಿ 1/15 ಕೂಡ ನಡೆಯುತ್ತದೆ, ಕ್ಯಾಮೆರಾ ಅಲುಗದಿದ್ದರೆ. ನನ್ನ ಹತ್ತಿರ ಟ್ರೈಪಾಡ್ ಇಲ್ಲ. ಹಳೇ ದಿಂಬಿನ ಕವರಿಗೆ ಒಣಗಿದ ಚೆರಿ ಕಾಫಿ ಮೂರು ಕೆಜಿ ತುಂಬಿ, ಬಾಯಿ ಹೊಲಿದು, ಜಗಲಿ ಕಟ್ಟೆ ಮೇಲಿಟ್ಟು ಲೆನ್ಸ್ ಅದರಲ್ಲಿ ಹೂತೆ. ಮನೆಯಲ್ಲಿ ಬೈಸಿಕೊಂಡೆ, ಆದರೆ ಲೆನ್ಸ್ ಕಲ್ಲಿನ ಹಾಗೆ ಕೂತಿತು. ಒಂದೊಂದೇ ಕ್ಲಿಕ್ ಬೇಡ, ಐದಾರು ಒಟ್ಟಿಗೆ ಬರ್ಸ್ಟ್ ಹೊಡೆಯಿರಿ. ಬಟನ್ ಒತ್ತುವಾಗ, ಬಿಡುವಾಗ ಬೆರಳಿನ ಅಲುಗಾಟಕ್ಕೆ ಮೊದಲನೆಯದೂ ಕೊನೆಯದೂ ಹಾಳಾಗುತ್ತವೆ, ನಡುವಿನವು ಚೆನ್ನಾಗಿರುತ್ತವೆ.

ಆಟೋಫೋಕಸ್ ಕತ್ತಲಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಗೂಬೆ ದಿನಾ ಅದೇ ಕೊಂಬೆಗೆ ಬರುತ್ತದಲ್ವಾ? ಬೆಳಕಿರುವಾಗಲೇ, ಐದೂವರೆಗೆ, ಕೊಂಬೆಯ ತೊಗಟೆ ಮೇಲೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿ ಬಿಟ್ಟುಬಿಡಿ.

ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವುದರ ಬಗ್ಗೆ ಒಂದು ಮಾತು. ಹಿಂದೆ ಬರೀ ಆಕಾಶ ಇದ್ದರೆ ಗೂಬೆ ಕರಿಬೊಂಬೆ ಆಗುತ್ತದೆ, ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ (ಕ್ಯಾಮೆರಾದ ಬೆಳಕಿನ ಲೆಕ್ಕ ತಿದ್ದುವ ಬಟನ್) ಪ್ಲಸ್ 1 ಕೊಡಿ. ಹಿಂದೆ ದಟ್ಟ ಎಲೆ ಇದ್ದರೆ ಕ್ಯಾಮೆರಾ ಸಂಜೆಯನ್ನು ಮಧ್ಯಾಹ್ನ ಮಾಡಲು ನೋಡುತ್ತದೆ. ಮೈನಸ್ 1 ಕೊಟ್ಟರೆ ಸಂಜೆ ಸಂಜೆಯಾಗಿಯೇ ಉಳಿಯುತ್ತದೆ, ಶಟರ್ ವೇಗವೂ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಸಿಗುತ್ತದೆ.

ಫ್ಲ್ಯಾಶ್, ಟಾರ್ಚ್, ಮೊಬೈಲಲ್ಲಿ ಕೂಗು ಹಾಕಿ ಕರೆಯೋದು, ಇವು ಮೂರೂ ಬೇಡ. ಗೂಡಿನ ಹತ್ತಿರವಂತೂ ಹೋಗಲೇಬೇಡಿ. ಫೋಟೋ ಹಾಕುವಾಗ ಜಾಗದ ಹೆಸರನ್ನೂ ಹಾಕಬೇಡಿ, ಮಾಟಮಂತ್ರಕ್ಕೆ ಗೂಬೆ ಹಿಡಿಯುವವರು ಇನ್ನೂ ಇದ್ದಾರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧವಾದರೂ. ಮತ್ತೆ, ಇನ್ನೂ ಚೆನ್ನಾಗಿ ಬರಲಿ ಅಂತ ಸುಮ್ನೆ ತೋಟದ ಒಳಗೆ ನಡೆಯಬೇಡಿ. ಹಲಸು ಹಣ್ಣಾಗುವ ಕಾಲದಲ್ಲಿ ಆ ಹೊತ್ತಿಗೆ ಅಲ್ಲಿ ಆನೆ ಇರಬಹುದು. ಜಗಲಿಯೇ ನಮ್ಮ ಮರೆ.

ಡಿಸೆಂಬರ್ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರ ಬೆಚ್ಚಗಿನ ಅಡಿಗೆಮನೆಗೆ ತಂದರೆ ಲೆನ್ಸಿಗೆ ಹಬೆ ಹಿಡಿಯುತ್ತದೆ. ಹೊರಗೇ ಬ್ಯಾಗಿಗೆ ಹಾಕಿ ಜಿಪ್ ಎಳೆದು ಒಳಗೆ ತನ್ನಿ, ಅರ್ಧ ಗಂಟೆ ತೆರೆಯಬೇಡಿ.

ಕೊನೆಗೆ ಸಿಕ್ಕಿದ ಫೋಟೋದಲ್ಲಿ ಕಣ್ಣು, ಉಗುರು, ತೊಗಟೆ ಎಲ್ಲ ಸ್ಪಷ್ಟ. ಗಂಟಲು ಮಾತ್ರ ಹತ್ತಿ ಉಂಡೆ ಹಾಗೆ ಮಸುಕು. ಅರ್ಥವಾಗಲು ಎರಡು ದಿನ ಬೇಕಾಯಿತು: ಆಗ ಅದು ಕೂಗುತ್ತಿತ್ತು. ಇದರ ಕೂಗು ನಿಧಾನ ಶುರುವಾಗಿ ಬರಬರುತ್ತಾ ಜೋರಾಗಿ ಓಡಿ ತಟ್ಟನೆ ನಿಲ್ಲುತ್ತದೆ. ಈಗ ನಾನು ಕೂಗು ಮುಗಿಯುವವರೆಗೆ ಬೆರಳು ಬಟನ್ ಮೇಲಿಟ್ಟು ಕಾಯುತ್ತೇನೆ.