ಸಿಗ್ನಲ್ ಕಂಡರೆ ನಡುಗುವ ಕಾರು

ನನ್ನ ಕಾರಿಗೆ ಒಂದು ವಿಚಿತ್ರ ಚಾಳಿ ಅಂಟಿಕೊಂಡಿತ್ತು. ಮನೆ ಮುಂದೆ ಸ್ಟಾರ್ಟ್ ಮಾಡಿ ಬಿಟ್ಟರೆ ಬೆಕ್ಕಿನ ಹಾಗೆ ಗುರುಗುಡುತ್ತಾ ಸುಮ್ನೆ ನಿಲ್ಲುತ್ತಿತ್ತು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ಗೆ ಬಂದು ನಿಂತರೆ ಮಾತ್ರ ಗಡಗಡ ನಡುಕ. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಹಸಿರು ದೀಪ ಬಿದ್ದು ಹೊರಟರೆ ಎಲ್ಲ ಸರಿ.

ಎದುರು ಮನೆ ಕಾಕಾ ತೀರ್ಪು ಕೊಟ್ಟೇಬಿಟ್ಟರು. “ತಮ್ಮಾ, ದೃಷ್ಟಿ ಆಗೇತಿ. ಮಂದಿ ಭಾಳ ಇರೋ ಕಡೆನ ನಡಗತೈತಿ ನೋಡು. ಅಮಾಸಿಗೆ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟು.”

ನಗಬೇಡಿ. ಗ್ಯಾರೇಜಿನವನು ಇದಕ್ಕಿಂತ ಕಡೆ. ಎಲ್ಲಿ ನಡುಗುತ್ತೆ, ಯಾವಾಗ ನಡುಗುತ್ತೆ ಅಂತ ಒಂದು ಮಾತೂ ಕೇಳದೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿ ಬಿಲ್ಲು ಕೊಟ್ಟ. ನಡುಕ ಹಾಗೇ ಇತ್ತು. ಕಾರಣ ಹುಡುಕದೆ ಸಾಮಾನು ಬದಲಿಸುವುದೂ ಮೂಢನಂಬಿಕೆಯೇ, ಲಿಂಬಿಹಣ್ಣಿಗಿಂತ ದುಬಾರಿಯದು. ಕಾಕಾ ಕೊನೇಪಕ್ಷ ಒಂದು ವಿಷಯ ಗಮನಿಸಿದ್ದರು: ಇದು ಎಲ್ಲ ಕಡೆ ನಡುಗುವುದಿಲ್ಲ.

ಹಾಗಾದರೆ ಸಿಗ್ನಲ್‌ನಲ್ಲಿ ಇದ್ದು ಮನೆ ಮುಂದೆ ಇಲ್ಲದ್ದು ಏನು? ಮಂದಿ ಅಲ್ಲ, ನನ್ನ ಬಲಗಾಲು! ಮನೆ ಮುಂದೆ ಹ್ಯಾಂಡ್‌ಬ್ರೇಕ್ ಎಳೆದಿರುತ್ತೇನೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ಹಿಡಿದಿರುತ್ತೇನೆ. ಅವತ್ತೇ ಅಂಗಳದಲ್ಲಿ ಕೂತು ಬ್ರೇಕ್ ಒತ್ತಿದೆ. ನಡುಗಿತು. ಬಿಟ್ಟೆ. ನಿಂತಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ.

ಬ್ರೇಕಿಗೂ ಇಂಜಿನ್ ನಡುಕಕ್ಕೂ ಏನು ಸಂಬಂಧ? ಇದರ ಹಿಂದಿನ ಸಂಗತಿ ನನಗೆ ತುಂಬಾ ಇಷ್ಟ.

ಐಡ್ಲಿಂಗ್ (ಕಾರು ನಿಂತಿದ್ದು ಇಂಜಿನ್ ಮಾತ್ರ ತಿರುಗುತ್ತಿರುವುದು) ಅಂದರೆ ಇಂಜಿನ್ನಿಗೆ ವಿಶ್ರಾಂತಿ ಅಂತ ನಾವು ತಿಳಿದಿದ್ದೇವೆ. ಅದು ನಿಜಕ್ಕೂ ಪಡಿಪಾಟಲು. ಶಾಲೆಯಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತು, ನೆನಪಿದೆಯಾ? ಜೋರಾಗಿ ಹೋಗುವವನು ಬೀಳುವುದಿಲ್ಲ, ನಿಧಾನ ಹೋಗುವವನೇ ತೂರಾಡುತ್ತಾನೆ. ಬುಗುರಿಯೂ ವೇಗ ಇಳಿದಾಗಲೇ ತಲೆ ಆಡಿಸುತ್ತೆ. ಇಂಜಿನ್ 3000 ಸುತ್ತಿನಲ್ಲಿರುವಾಗ ಅದರ ಜೊತೆ ತಿರುಗುವ ಭಾರವಾದ ಚಕ್ರದಲ್ಲಿ, ಅಂದರೆ ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ, ನಿಮಿಷಕ್ಕೆ 750 ಸುತ್ತಿನ ಐಡ್ಲಿಂಗ್‌ನಲ್ಲಿರುವುದರ 16 ಪಟ್ಟು. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಒಮ್ಮೆ ಹತ್ತದೆ ಹೋದರೂ ಆ ಕೂಡಿಟ್ಟದ್ದು ಸಂಭಾಳಿಸುತ್ತೆ. ಐಡ್ಲಿಂಗ್‌ನಲ್ಲಿ ಆ ಗಂಟು ಬಹಳ ಸಣ್ಣದು.

ಇನ್ನೊಂದು ಕಷ್ಟ ಉಸಿರಿನದು. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಎಂಬ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತೆ. ಒಳಗೆ ಪಿಸ್ಟನ್‌ಗಳು ಹೀರುತ್ತಲೇ ಇರುತ್ತವೆ. ಹೀಗಾಗಿ ಬಾಗಿಲಿನ ಆಚೆ ಒತ್ತಡ ಹೊರಗಿನ ಗಾಳಿಯ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತೆ. ನಿಂತ ಕಾರಿನ ಇಂಜಿನ್ ಅಂದರೆ ಒಂದು ನಿರ್ವಾತ ಪಂಪು!

ನಿರ್ವಾತ ಅಂದಕೂಡಲೇ ಜರ್ಮನಿಯ ಓಟೋ ಫಾನ್ ಗೆರಿಕ್ ನೆನಪಾಗುತ್ತಾನೆ. ಮ್ಯಾಗ್ಡೆಬರ್ಗ್ ಊರಿನ ಮೇಯರ್. ಎರಡು ತಾಮ್ರದ ಅರ್ಧಗೋಳ ಜೋಡಿಸಿ ಒಳಗಿನ ಗಾಳಿ ತೆಗೆದ. 1657ರಲ್ಲಿ 16 ಕುದುರೆ ಕಟ್ಟಿ ಎಳೆಸಿದರೂ ಅವನ್ನು ಬಿಡಿಸಲು ಪರದಾಟವಾಯಿತು. ನಮ್ಮ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಇಂಜಿನ್ನನ್ನು 1876ರಲ್ಲಿ ಓಡಿಸಿದವನೂ ಒಬ್ಬ ಓಟೋ, ನಿಕೊಲಾಸ್ ಓಟೋ. ಸಂಬಂಧಿಕರಲ್ಲ, ಆದರೆ ಇಬ್ಬರೂ ನನ್ನ ಕಾರಿನಲ್ಲಿ ಒಟ್ಟಿಗೆ ಕೂತಿದ್ದಾರೆ.

ಎಲ್ಲಿ ಅಂದರೆ, ಬ್ರೇಕ್ ಪೆಡಲಿನ ಮುಂದೆ, ಬಾನೆಟ್ ಒಳಗೆ. ಎರಡು ತಾಟು ಎದುರುಬದುರು ಮುಚ್ಚಿಟ್ಟ ಹಾಗೆ ಒಂದು ಕಪ್ಪು ಡಬ್ಬಿ ಇರುತ್ತೆ. ಅದೇ ಬ್ರೇಕ್ ಬೂಸ್ಟರ್. ನಡುವೆ ಒಂದು ರಬ್ಬರ್ ಪರದೆ. ಇಂಜಿನ್ ಒಂದು ಪೈಪಿನ ಮೂಲಕ ಡಬ್ಬಿಯ ಗಾಳಿ ಹೀರಿಟ್ಟಿರುತ್ತೆ. ಬ್ರೇಕ್ ಒತ್ತಿದಾಗ ಪರದೆಯ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ಬಿಡಲಾಗುತ್ತೆ. 9 ಇಂಚಿನ ಪರದೆಯ ಮೇಲೆ ಬೀಳುವ ಬಲ ಸುಮಾರು 250 ಕೆಜಿ ತೂಕದಷ್ಟು. ಎರಡೂವರೆ ಕ್ವಿಂಟಲ್ ಜೋಳದ ಭಾರ ನಿಮ್ಮ ಪಾದದ ಜೊತೆ ಸೇರಿ ಒತ್ತುತ್ತದೆ!

ನನ್ನ ಕಾರಿನಲ್ಲಿ ಆ ಪರದೆ ಹರಿದಿತ್ತು. ಒತ್ತಿದಾಗಲೆಲ್ಲ ಹಿಂಬದಿಯ ಗಾಳಿ ಮುಂಬದಿಗೆ ನುಗ್ಗಿ, ಪೈಪಿನಲ್ಲಿ ಹಾದು ಇಂಜಿನ್ ಸೇರುತ್ತಿತ್ತು. ಗಾಳಿ ಅಳೆಯುವ ಸೆನ್ಸರ್ ಇರುವುದು ಥ್ರಾಟಲ್ ಬಾಗಿಲಿನ ಮುಂದೆ. ಈ ಕಳ್ಳಗಾಳಿ ಅದರ ಲೆಕ್ಕಕ್ಕೇ ಸಿಗಲಿಲ್ಲ.

ಮದುವೆ ಮನೆ ಅಂದುಕೊಳ್ಳಿ. ಮುಂದಿನ ಗೇಟಿನಲ್ಲಿ ನೂರು ಜನ ಎಣಿಸಿ ಅಡುಗೆಯವರಿಗೆ ಹೇಳಿದಿರಿ. ಹಿಂಬಾಗಿಲಿನಿಂದ ಮೂವತ್ತು ಜನ ಬಂದು ಪಂಕ್ತಿಯಲ್ಲಿ ಕೂತರು. ಗೋಧಿ ಹುಗ್ಗಿ ಎಲ್ಲರಿಗೂ ಅರ್ಧರ್ಧ ಸೌಟು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಸಾಕು (ಎಥನಾಲ್ ಬೆರೆತರೆ ಇನ್ನೂ ಕಡಿಮೆ). ಗಾಳಿ ಜಾಸ್ತಿಯಾದರೆ ಕಿಡಿ ಬಿದ್ದರೂ ಒಮ್ಮೆ ಹತ್ತುತ್ತೆ, ಒಮ್ಮೆ ಹತ್ತಲ್ಲ. ಅದೇ ಆ ಗಡಗಡ. ಓಡುವ ಇಂಜಿನ್ ಸಾವಿರ ಜನರ ಮದುವೆ, ಅಲ್ಲಿ ಮೂವತ್ತು ಜನ ಹೆಚ್ಚಾದರೆ ಗೊತ್ತಾಗುವುದೇ ಇಲ್ಲ. ನಿಂತಾಗ ಮಾತ್ರ ನಡುಗುವ ಕಾರಿನಲ್ಲಿ ಮೊದಲು ಸೋರುವ ಪೈಪು ಹುಡುಕಿ ಅನ್ನುವುದು ಇದಕ್ಕೇ.

ಬ್ರೇಕ್ ಮುಟ್ಟದಿದ್ದರೂ ನಡುಗಿದರೆ ಕಾರಣ ಬೇರೆ ಇರಬಹುದು. ಹುಬ್ಬಳ್ಳಿಯ ಧೂಳು ಗೊತ್ತಲ್ಲ, ಅದು ಇಂಜಿನ್ನಿನ ಎಣ್ಣೆಯ ಆವಿಗೆ ಅಂಟಿ ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿಯಾಗುತ್ತೆ. ತೊಳೆಸಿದರೆ ಸಾಕು. ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಅಲುಗದೆ ಕಾರಿನ ಮೈ ಮಾತ್ರ ನಡುಗಿದರೆ, ಇಂಜಿನ್ನನ್ನು ಹೊತ್ತು ಕೂರಿಸಿರುವ ಮೌಂಟಿನ ರಬ್ಬರ್ ನೋಡಿಸಿ. ಒಂದೇ ಸಿಲಿಂಡರ್ ಮಿಸ್ಸಿಂಗ್ ಆಗಿದ್ದರೆ ಅದರ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿಸಿ. ರೋಗ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಇಲ್ಲ. ಹೊಸದು ಕೊಳ್ಳುವುದು ಆಮೇಲೆ.

ಬೂಸ್ಟರ್ ಪರೀಕ್ಷೆಗೆ ಮಾತ್ರ ತಡ ಮಾಡಬೇಡಿ, ಅದು ಬ್ರೇಕಿನ ವಿಷಯ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿ. ಗಟ್ಟಿಯಾಗುತ್ತೆ. ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ, ಇಲ್ಲವೇ ಒತ್ತಿದಷ್ಟು ಹೊತ್ತೂ ಬುಸ್ ಅಂತ ಸದ್ದು ಬರುತ್ತಿದ್ದರೆ, ಕಾರನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.