ಆ ಪ್ರೀತಿಯನ್ನು ನಾವು ಯಾಕೆ ನಂಬಿದೆವು? ಅನಿಮೇಷನ್ ಮತ್ತು ಜನಪ್ರಿಯ ಕಾದಂಬರಿಗಳ ಪ್ರೇಮಕಥೆ: ಒಂದು ಅಧ್ಯಯನ ಟಿಪ್ಪಣಿ

ಹೋದ ಭಾನುವಾರ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಓದುಬಳಗ ಕೂತಿತ್ತು. ಚರ್ಚೆ ಶುರುವಾಗಿದ್ದು ಒಂದು ಪ್ರಶ್ನೆಯಿಂದ. ಬಾಯಿಯೇ ಇಲ್ಲದ ಎರಡು ರೋಬೋಟ್‌ಗಳ ಪ್ರೀತಿ ನೋಡಿ ಕಣ್ಣು ತುಂಬುತ್ತದೆ. ಚೆಂದದ ರಾಜಕುಮಾರ, ಚೆಂದದ ರಾಜಕುಮಾರಿ, ಇಂಪಾದ ಹಾಡು ಎಲ್ಲ ಇದ್ದರೂ ಇನ್ನೊಂದು ಜೋಡಿಯ ಪ್ರೀತಿ ಮನಸ್ಸಿಗೆ ತಟ್ಟುವುದೇ ಇಲ್ಲ. ಯಾಕೆ? ಅವತ್ತು ಬರಲಾಗದವರಿಗೆ, ಈ ವಿಷಯದ ಮೇಲೆ ಬರೆಯಬೇಕಾದವರಿಗೆ ಅನುಕೂಲವಾಗಲಿ ಅಂತ ಈ ಟಿಪ್ಪಣಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ನಂಬುವ ಹಾಗಿದೆ’ ಅಂದಾಗ, ನಿಜ ಜೀವನದಲ್ಲಿ ಹೀಗೆ ನಡೆಯುತ್ತದಾ ಅಂತ ಅಳೆಯಲು ಹೋಗಬೇಡಿ. ಅಪ್ ಅನ್ನುವ ಅನಿಮೇಷನ್ ಸಿನಿಮಾದ ಹಾಗೆ ಬಲೂನು ಕಟ್ಟಿ ಮನೆ ಹಾರಿಸಲು ಯಾರಿಗೂ ಆಗುವುದಿಲ್ಲ. ಆದರೆ ಆ ಮನೆ ಹಾರಿಸಿದ ಮುದುಕ ತನ್ನ ಹೆಂಡತಿಯನ್ನು ಎಷ್ಟು ಪ್ರೀತಿಸುತ್ತಿದ್ದ ಅನ್ನುವುದರಲ್ಲಿ ನಮಗೆ ಒಂಚೂರೂ ಅನುಮಾನ ಬರುವುದಿಲ್ಲ. ನಾವು ಹುಡುಕುತ್ತಿರುವುದು ಆ ಅನುಮಾನ ಬಾರದಿರುವುದರ ಗುಟ್ಟನ್ನು.

ಅನಿಮೇಷನ್‌ಗೆ ಯಾಕೆ ಜಾಸ್ತಿ ಕಷ್ಟ

ಇಬ್ಬರು ನಟರು ಎದುರುಬದುರು ನಿಂತಾಗ ತಾನಾಗಿ ಆಗುವ ಸಂಗತಿಗಳು ಎಷ್ಟೋ ಇರುತ್ತವೆ. ಒಂದು ಅರೆಕ್ಷಣದ ತಡವರಿಕೆ, ನಗು ಬಂದು ತಡೆದುಕೊಂಡ ತುಟಿ. ಅನಿಮೇಷನ್‌ನಲ್ಲಿ ತಾನಾಗಿ ಏನೂ ಆಗುವುದಿಲ್ಲ. ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆ ಮೇಲೆ 24 ಬಿಡಿ ಚಿತ್ರ ಓಡಬೇಕು. ಕೈಯಲ್ಲಿ ಬಿಡಿಸುವ ಸಿನಿಮಾಗಳಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುವುದು ವಾಡಿಕೆ. ಹಾಗೆ ಮಾಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಅವಳು ಕಣ್ಣೆತ್ತಿ ನೋಡಿ ತಕ್ಷಣ ತಗ್ಗಿಸಿದಳು ಅನ್ನುವುದನ್ನು ಯಾರೋ ಒಬ್ಬರು ಕೂತು, ಯೋಚಿಸಿ, ಬಿಡಿಸಬೇಕು.

ಅವನನ್ನು ಬಿಡಿಸುವವರು ಒಬ್ಬರು, ಅವಳನ್ನು ಬಿಡಿಸುವವರು ಇನ್ನೊಬ್ಬರು ಆಗಿರುವುದೂ ಉಂಟು. 1991ರ ಬ್ಯೂಟಿ ಅಂಡ್ ದ ಬೀಸ್ಟ್‌ನಲ್ಲಿ ಶಾಪದಿಂದ ಮೃಗವಾದ ರಾಜಕುಮಾರ ಬೀಸ್ಟ್‌ನ ಹೊಣೆ ಗ್ಲೆನ್ ಕೀನ್ ಅವರದು. ನಾಯಕಿ ಬೆಲ್‌ಳ ಹೊಣೆ ಜೇಮ್ಸ್ ಬ್ಯಾಕ್ಸ್‌ಟರ್ ಮತ್ತು ಮಾರ್ಕ್ ಹೆನ್ ಅವರದು. ಹೆನ್ ಕೆಲಸ ಮಾಡುತ್ತಿದ್ದದ್ದು ದೂರದ ಫ್ಲಾರಿಡಾದ ಸ್ಟುಡಿಯೋದಲ್ಲಿ. ಒಂದೇ ಜೋಡಿಯ ನೋಟ ಹೀಗೆ ಬೇರೆಬೇರೆ ಮೇಜುಗಳ ಮೇಲೆ ಹುಟ್ಟಿ ಪರದೆಯ ಮೇಲೆ ಸೇರಬೇಕು. ಇದನ್ನು ತಿಳಿದ ಮೇಲೆ ನನಗೆ ಆ ಕಲಾವಿದರ ಮೇಲಿನ ಗೌರವ ಇಮ್ಮಡಿಯಾಯಿತು.

ಡಿಸ್ನಿಯ ಮೊದಲ ಪೂರ್ಣಾವಧಿ ಅನಿಮೇಷನ್ ಸಿನಿಮಾ ಸ್ನೋ ವೈಟ್ ಬಂದದ್ದು 1937ರಲ್ಲಿ. ಅದರಲ್ಲಿ ರಾಜಕುಮಾರ ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ ಕಾಣಿಸುತ್ತಾನೆ, ಅಷ್ಟೇ. ನಿಜವಾದ ಗಂಡಸಿನ ಹಾಗೆ ಕಾಣುವಂತೆ ಅವನನ್ನು ಬಿಡಿಸಿ ಚಲಿಸುವಂತೆ ಮಾಡುವುದು ಆಗಿನ ಕಲಾವಿದರಿಗೆ ಬಹಳ ಕಷ್ಟವಾಗಿತ್ತು, ಹಾಗಾಗಿ ಅವನ ಪಾಲು ಸಣ್ಣದಾಯಿತು. ಪರಿಣಾಮ ನೋಡಿ. ಏಳು ಕುಳ್ಳರು ಅವಳಿಗಾಗಿ ಅಳುವುದನ್ನು ನಂಬುತ್ತೇವೆ, ಏಕೆಂದರೆ ಅವಳು ಅವರ ಕೈ ತೊಳೆಸಿದ್ದು, ಅಡುಗೆ ಮಾಡಿದ್ದು ಕಂಡಿದ್ದೇವೆ. ರಾಜಕುಮಾರನ ಜಾಗದಲ್ಲಿ ಪಕ್ಕದ ರಾಜ್ಯದ ಇನ್ನೊಬ್ಬ ಬಂದು ನಿಂತರೂ ಕಥೆಗೆ ಏನೂ ಆಗುವುದಿಲ್ಲ. ನಮ್ಮ ಬಳಗದಲ್ಲಿ ಇದಕ್ಕೆ ‘ಬದಲಿ ಪರೀಕ್ಷೆ’ ಅಂತ ಹೆಸರಿಟ್ಟಿದ್ದೇವೆ. ಒಬ್ಬರನ್ನು ತೆಗೆದು ಬೇರೆಯವರನ್ನು ಇಟ್ಟು ನೋಡಿ. ಕಥೆ ಹಾಗೇ ನಡೆದರೆ ಅಲ್ಲಿ ಪ್ರೀತಿ ಇನ್ನೂ ಹುಟ್ಟಿಲ್ಲ.

ಕಾಣದ ಹಾಗೆ ಮಾಡಿದ್ದು, ಆಮೇಲೆ ಗೊತ್ತಾಗಿದ್ದು

ಈ ಟಿಪ್ಪಣಿಯ ಹೂರಣ ಇಲ್ಲಿದೆ. ನನ್ನ ಮನಸ್ಸಿಗೆ ಹತ್ತಿರವಾದ ಪ್ರೇಮಕಥೆಗಳನ್ನು ಸಾಲಾಗಿ ಬರೆದುಕೊಂಡು ನೋಡಿದಾಗ ಎಲ್ಲದರಲ್ಲೂ ಒಂದು ಗಂಟು ಸಿಕ್ಕಿತು. ಒಬ್ಬರು ಇನ್ನೊಬ್ಬರಿಗಾಗಿ ಏನೋ ಮಾಡುತ್ತಾರೆ. ಮಾಡುವ ಹೊತ್ತಿನಲ್ಲಿ ಆ ಇನ್ನೊಬ್ಬರಿಗೆ ಅದು ಗೊತ್ತೇ ಇರುವುದಿಲ್ಲ. ತಿಳಿಯುವುದು ಎಷ್ಟೋ ಆಮೇಲೆ.

2008ರ ವಾಲ್-ಇ ತೆಗೆದುಕೊಳ್ಳಿ. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್. ಕಸ ಗುಡ್ಡೆ ಹಾಕುವ ಹಳೇ ರೋಬೋಟ್ ವಾಲ್-ಇ. ಅದರ ಕಣ್ಣಿಗೆ ಮಾದರಿ ದುರ್ಬೀನು. ಭೂಮಿಯಲ್ಲಿ ಜೀವ ಇದೆಯಾ ಅಂತ ಹುಡುಕಲು ಬಂದವಳು ಈವ್. ವಾಲ್-ಇ ಅವಳಿಗೆ ಒಂದು ಹಸಿರು ಸಸಿ ತೋರಿಸುತ್ತದೆ. ಅವಳು ಅದನ್ನು ಒಳಗೆ ಸೇರಿಸಿಕೊಂಡು ಅಲ್ಲೇ ಸ್ತಬ್ಧಳಾಗಿಬಿಡುತ್ತಾಳೆ. ಮಾತಿಲ್ಲ, ಅಲುಗಾಟ ಇಲ್ಲ. ಆಗ ವಾಲ್-ಇ ಏನು ಮಾಡುತ್ತದೆ? ಅವಳನ್ನು ಬಿಸಿಲಿಗೆ ಇಡುತ್ತದೆ. ಮಳೆ ಬಂದಾಗ ಅವಳಿಗೆ ಛತ್ರಿ ಹಿಡಿದು ನಿಂತು ತಾನು ಸಿಡಿಲು ತಿನ್ನುತ್ತದೆ. ಬಣ್ಣದ ದೀಪದ ಸರ ಸುತ್ತಿ ದೋಣಿಯಲ್ಲಿ ಕೂರಿಸಿ ತಿರುಗಾಡಿಸುತ್ತದೆ. ನೋಡುವವರಿಗೆ ತಮಾಷೆ, ಒಳಗೊಳಗೇ ಸಂಕಟ. ಈವ್‌ಗೆ ಇದ್ಯಾವುದರ ಅರಿವೂ ಇಲ್ಲ.

ಎಷ್ಟೋ ಹೊತ್ತಿನ ಮೇಲೆ, ಬಾಹ್ಯಾಕಾಶ ನೌಕೆಯಲ್ಲಿ, ಅವಳದೇ ಕ್ಯಾಮೆರಾ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ದೃಶ್ಯ ಓಡುತ್ತದೆ. ಮಳೆ, ಛತ್ರಿ, ದೀಪದ ಸರ, ಎಲ್ಲ. ಈ ಜಾಗದಲ್ಲಿ ಲ್ಯಾಪ್‌ಟಾಪ್ ನಿಲ್ಲಿಸಿ ಈವ್‌ಳ ಕಣ್ಣು ನೋಡಿ. ಕಪ್ಪು ಗಾಜಿನ ಮೇಲೆ ಎರಡು ನೀಲಿ ಬೆಳಕಿನ ಆಕಾರ, ಅಷ್ಟೇ ಅವಳ ಮುಖ. ಹುಬ್ಬಿಲ್ಲ, ತುಟಿ ಇಲ್ಲ. ಆ ನೀಲಿ ಆಕಾರ ಸ್ವಲ್ಪ ಬಾಗುತ್ತದೆ, ನಮಗೆ ಎಲ್ಲ ಅರ್ಥವಾಗುತ್ತದೆ. ಅವಳಿಗಿಂತ ಮೊದಲೇ ನಾವು ಆ ಮಳೆಯನ್ನು ನೋಡಿದ್ದೇವಲ್ಲ, ಅದಕ್ಕೆ. ಅವಳಿಗೆ ತಿಳಿಯಲಿ ಅಂತ ನಾವು ಕಾಯುತ್ತಾ ಕೂತಿದ್ದೆವು. ಕೊನೆಯಲ್ಲಿ ವಾಲ್-ಇ ಎಲ್ಲವನ್ನೂ ಮರೆತು ಅವಳನ್ನೇ ಗುರುತಿಸದೆ ನಿಂತಾಗ ಸರದಿ ಅವಳದಾಗುತ್ತದೆ. ಈಗ ಅವಳು ಪ್ರತಿಕ್ರಿಯೆ ಇಲ್ಲದವನ ಕೈ ಹಿಡಿಯುತ್ತಾಳೆ.

ಇದೇ ಗಂಟು 1813ರ ಜೇನ್ ಆಸ್ಟೆನ್ ಕಾದಂಬರಿ ಪ್ರೈಡ್ ಅಂಡ್ ಪ್ರೆಜುಡಿಸ್‌ನಲ್ಲೂ ಇದೆ. ಡಾರ್ಸಿ ಮೊದಲ ಸಲ ಮದುವೆಯ ಮಾತೆತ್ತಿದಾಗ ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ. ಆಮೇಲೆ ಅವಳ ತಂಗಿ ಓಡಿಹೋಗಿ ಮನೆತನದ ಮಾನ ಹೋಗುವ ಹೊತ್ತಿನಲ್ಲಿ ಡಾರ್ಸಿ ದುಡ್ಡು ಕೊಟ್ಟು, ಓಡಿಸಿಕೊಂಡು ಹೋದವನ ಜೊತೆಗೇ ತಂಗಿಯ ಮದುವೆ ಮಾಡಿಸುತ್ತಾನೆ. ಯಾರಿಗೂ ಹೇಳಬೇಡಿ ಅನ್ನುತ್ತಾನೆ. ಎಲಿಜಬೆತ್‌ಗೆ ತಿಳಿಯುವುದು ಸೋದರಮಾವನ ಹೆಂಡತಿಯ ಕಾಗದದಿಂದ. ರೋಬೋಟ್‌ನ ಕ್ಯಾಮೆರಾ ಮಾಡಿದ ಕೆಲಸವನ್ನು ಇಲ್ಲಿ ಕಾಗದ ಮಾಡುತ್ತದೆ.

ಜಪಾನಿನ ಸ್ಟುಡಿಯೋ ಘಿಬ್ಲಿ 1995ರಲ್ಲಿ ಮಾಡಿದ ವಿಸ್ಪರ್ ಆಫ್ ದ ಹಾರ್ಟ್ ನನಗೆ ಇನ್ನೂ ಇಷ್ಟ. ಶಿಜುಕು ಗ್ರಂಥಾಲಯದಿಂದ ಯಾವ ಪುಸ್ತಕ ತಂದರೂ ಅದರ ಕಾರ್ಡಿನಲ್ಲಿ ಅವಳಿಗಿಂತ ಮೊದಲು ಒಬ್ಬನೇ ಹುಡುಗನ ಹೆಸರು. ಅವಳ ಕಣ್ಣಿಗೆ ತನ್ನ ಹೆಸರು ಬೀಳಲಿ ಅಂತಲೇ ಅಷ್ಟೊಂದು ಪುಸ್ತಕ ಓದಿದ್ದೆ ಅಂತ ಅವನು ಹೇಳುವುದು ಕೊನೆಗೆ. ಪುಸ್ತಕದ ಹಿಂದೆ ಅಂಟಿಸಿದ ಕಾರ್ಡು, ಸಾಲಾಗಿ ಬಿದ್ದ ದಿನಾಂಕದ ಮುದ್ರೆ ನೋಡಿ ಬೆಳೆದವರಿಗೆ ಈ ಸಿನಿಮಾ ಬೇರೆಯೇ ರೀತಿ ತಾಗುತ್ತದೆ.

ಮಾತಿಲ್ಲದ ನಾಲ್ಕು ನಿಮಿಷ

ಬಳಗದಲ್ಲಿ ಒಬ್ಬರು ತಕರಾರು ತೆಗೆದರು. ‘ಪ್ರೀತಿ ನಂಬಬೇಕಾದರೆ ಕಾಲ ಬೇಕು. ಒಂದೂವರೆ ಗಂಟೆಯ ಸಿನಿಮಾಗೆ ಎಲ್ಲಿದೆ ಕಾಲ?’ ಒಳ್ಳೆ ಪ್ರಶ್ನೆ. ಉತ್ತರಕ್ಕೆ 2009ರ ಅಪ್ ನೋಡಿ. ನಿರ್ದೇಶಕ ಪೀಟ್ ಡಾಕ್ಟರ್. ಕಾರ್ಲ್ ಮತ್ತು ಎಲಿಯ ಮದುವೆಯಿಂದ ಅವಳ ಸಾವಿನವರೆಗಿನ ಇಡೀ ಸಂಸಾರ ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಒಂದೂ ಮಾತಿಲ್ಲ. ಮೈಕೆಲ್ ಜಿಯಾಕಿನೋ ಅವರ ಸಂಗೀತ ಮಾತ್ರ. ಅದಕ್ಕೆ ಆಸ್ಕರ್ ಬಂತು.

ಅಲ್ಲಿ ಕಾಲವನ್ನು ಹೇಗೆ ತೋರಿಸಿದ್ದಾರೆ ಗಮನಿಸಿ. ಎಲಿ ಕಾರ್ಲ್‌ಗೆ ಟೈ ಕಟ್ಟುತ್ತಾಳೆ. ಒಂದಾದ ಮೇಲೆ ಒಂದು, ಬೇರೆಬೇರೆ ಟೈ. ಕೈ ಅದೇ. ಟೈ ಬದಲಾದ ಹಾಗೆ ವರ್ಷಗಳು ಉರುಳುತ್ತವೆ. ಪ್ರವಾಸಕ್ಕೆ ಅಂತ ಗಾಜಿನ ಜಾಡಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಗಾಡಿಯ ಟೈರ್ ಹೋಯಿತು, ಜಾಡಿ ಒಡೆಯಿತು. ಕಾಲು ಮುರಿಯಿತು, ಜಾಡಿ ಒಡೆಯಿತು. ಮರ ಬಿದ್ದು ಸೂರು ಹಾಳಾಯಿತು, ಮತ್ತೆ ಒಡೆಯಿತು. ಸಂಸಾರ ಮಾಡಿದ ಯಾರಿಗೆ ಇದು ಗೊತ್ತಿಲ್ಲ ಹೇಳಿ? ನಮ್ಮ ಮನೆಗಳಲ್ಲಿ ಅದು ಸಾಸಿವೆ ಡಬ್ಬಿ, ಅಷ್ಟೇ ವ್ಯತ್ಯಾಸ.

ಇಲ್ಲೂ ಆ ಗಂಟು ಇದೆ. ಸಿನಿಮಾದ ಕೊನೆಯ ಹೊತ್ತಿಗೆ ಕಾರ್ಲ್ ಎಲಿಯ ಸಾಹಸದ ಪುಸ್ತಕ ತೆರೆಯುತ್ತಾನೆ. ‘ಮುಂದೆ ಮಾಡಲಿರುವುದು’ ಅನ್ನುವ ಪುಟದ ಆಚೆ ಖಾಲಿ ಅಂದುಕೊಂಡಿದ್ದ. ಅಲ್ಲಿ ಅವರಿಬ್ಬರ ಬದುಕಿನ ಫೋಟೋಗಳನ್ನು ಅವಳು ಅಂಟಿಸಿಟ್ಟಿದ್ದಾಳೆ. ಪ್ರವಾಸ ಮಾಡಿಸಲಿಲ್ಲವಲ್ಲ ಅಂತ ಅವನು ಕೊರಗುತ್ತಿದ್ದ. ಅವಳಿಗೆ ಆ ಸಂಸಾರವೇ ಸಾಹಸ ಆಗಿತ್ತು.

ಮಾತಿಲ್ಲದೆ ಪ್ರೀತಿ ತೋರಿಸುವುದನ್ನು ನಮ್ಮ ಸೀಮೆಯ ಕವಿ ಬಹಳ ಹಿಂದೆಯೇ ಮಾಡಿದ್ದಾರೆ. ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. ಅವರ ಮೈಸೂರು ಮಲ್ಲಿಗೆ ಬಂದದ್ದು 1942ರಲ್ಲಿ. ಅದರಲ್ಲಿ ರಾಯರು ಮಾವನ ಮನೆಗೆ ಬರುವ ಪದ್ಯ ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ಒಂದು ಮಾತೂ ಆಡುವುದಿಲ್ಲ. ಉಪಚಾರಕ್ಕೆ ಕೊರತೆಯಿಲ್ಲ, ಕಾಣಬೇಕಾದವಳು ಮಾತ್ರ ಕಾಣುವುದಿಲ್ಲ. ಬೆಳಗ್ಗೆ ಎದ್ದು ಹೊರಡುತ್ತೇನೆ ಅಂತ ರಾಯರಿಗೆ ಮುನಿಸು. ಆ ಮುನಿಸೊಂದು ಸಾಕು, ಅವರ ಪ್ರೀತಿ ಎಷ್ಟು ಅಂತ ತಿಳಿಯಲು.

ಹತ್ತಿರದಿಂದ ಕಂಡದ್ದೊಂದನ್ನು ಸೇರಿಸುತ್ತೇನೆ. ಒಂದು ಬೆಳಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ವಯಸ್ಸಾದ ಒಬ್ಬರು ಹೂವಿನಮ್ಮನ ಮುಂದೆ ನಿಂತಿದ್ದರು. ‘ಅರಳಿದ್ದು ಬೇಡಮ್ಮ, ಮೊಗ್ಗಿನದು ಕೊಡು. ಅವಳು ಮುಡಿಯೋದು ಸಂಜೆಗೆ’ ಅಂದರು. ಎರಡು ಮೊಳ ಅಳೆಸಿಕೊಂಡು ಬಾಳೆಎಲೆಯಲ್ಲಿ ಕಟ್ಟಿಸಿಕೊಂಡರು. ತರಕಾರಿ ಚೀಲದಲ್ಲಿ ಜಾಗ ಇತ್ತು. ಅದರೊಳಗೆ ಹಾಕದೆ ಪೊಟ್ಟಣವನ್ನು ಕೈಯಲ್ಲೇ ಹಿಡಿದು ಹೋದರು. ಚೀಲದಲ್ಲಿ ಮೊಗ್ಗು ನಲುಗುತ್ತದೆ ಅಲ್ವಾ? ಮನೆಯಲ್ಲಿರುವವರಿಗೆ ಸಂಜೆ ಅರಳಿದ ಹೂವು ಸಿಗುತ್ತದೆ, ಆ ಪೊಟ್ಟಣ ಕೈಯಲ್ಲಿ ಬಂದ ವಿಷಯ ಗೊತ್ತಾಗುವುದಿಲ್ಲ. ಬರೆಯುವವರು ಹಿಡಿಯಬೇಕಾದದ್ದು ಇಂಥದ್ದನ್ನು.

ಬೇಡ ಅಂದದ್ದನ್ನೂ ನಂಬಬೇಕು

ಪ್ರೇಮಕಥೆ ಅಂದರೆ ಕೊನೆಗೆ ಕೂಡಲೇಬೇಕು ಅಂತಿಲ್ಲ. ತ್ರಿವೇಣಿ ಅವರ ಬೆಳ್ಳಿಮೋಡ ಓದಿ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ ಲೇಖಕಿ ಅವರು. ಪುಟ್ಟಣ್ಣ ಕಣಗಾಲ್ 1967ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದರು.

ಇಂದಿರಾ ಆಸ್ತಿವಂತರ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ಗೊತ್ತಾಗಿದೆ. ಅವಳ ಅಪ್ಪನ ದುಡ್ಡಲ್ಲೇ ಅವನು ಓದಲು ವಿದೇಶಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಗಂಡು ವಾರಸುದಾರ ಬಂದ ಅಂತ ತಿಳಿದು ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ನೋಡಿ, ಬದಲಿ ಪರೀಕ್ಷೆಯನ್ನು ಕಥೆಯೇ ಮಾಡಿಬಿಟ್ಟಿತು. ಹುಡುಗಿ ಅವಳೇ, ಆಸ್ತಿ ಮಾತ್ರ ಇಲ್ಲ. ಪ್ರೀತಿಯೂ ಇಲ್ಲ. ಮುಂದೆ ಅವನು ಕಾಲು ಮುರಿದುಕೊಂಡಾಗ ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವನಿಗೆ ಮನಸ್ಸು ತಿರುಗುತ್ತದೆ, ಮದುವೆಯಾಗೋಣ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ.

ಇಲ್ಲಿ ಸಾಕ್ಷಿ ಉಲ್ಟಾ ಕೆಲಸ ಮಾಡಿದೆ. ಅವನು ಹೇಗಿದ್ದ ಅನ್ನುವುದು ಅವಳಿಗೆ ಗೊತ್ತಾಗಿಹೋಗಿದೆ. ಆರೈಕೆಯಿಂದ ಅದನ್ನು ಅಳಿಸಲು ಆಗುವುದಿಲ್ಲ. ಕೊನೆಯಲ್ಲಿ ತಾಳಿ ಕಟ್ಟಿಸಿದ್ದರೆ ಓದುಗರಲ್ಲಿ ಕೆಲವರಿಗೆ ಖುಷಿಯಾಗುತ್ತಿತ್ತು, ಇಂದಿರಾ ಮಾತ್ರ ಪುಸ್ತಕದಿಂದ ಎದ್ದು ಹೋಗಿಬಿಡುತ್ತಿದ್ದಳು. ಮನಶ್ಶಾಸ್ತ್ರ ಬಲ್ಲವರು ಬರೆದ ಕಥೆ ಅಂತ ಇಲ್ಲಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ

ಜನಪ್ರಿಯ ಕಥೆಗಳಲ್ಲಿ ನಾಯಕ ಅವಳ ಹಿಂದೆ ಬೀಳುತ್ತಾನೆ, ಬೆದರಿಸುತ್ತಾನೆ, ಅದನ್ನೇ ಪ್ರೀತಿ ಅಂತ ತೋರಿಸುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಅವನು ಮಾಡಿದ್ದು ಅವಳಿಗೆ ಬೇಕಾಗಿತ್ತಾ, ಅವನಿಗೆ ಬೇಕಾಗಿತ್ತಾ ಅಂತ ಕೇಳಿಕೊಳ್ಳಿ. ಬ್ಯೂಟಿ ಅಂಡ್ ದ ಬೀಸ್ಟ್‌ನಲ್ಲಿ ಬೀಸ್ಟ್ ಅವಳಿಗೆ ಇಡೀ ಗ್ರಂಥಾಲಯ ಕೊಡುತ್ತಾನೆ. ಚೆಂದದ ದೃಶ್ಯ, ಆದರೂ ಅವಳು ಆಗಿನ್ನೂ ಸೆರೆಯಾಳು. ಕಾಯಿಲೆಯಾದ ಅಪ್ಪನ ಹತ್ತಿರ ಹೋಗು ಅಂತ ಅವನು ಬಾಗಿಲು ತೆರೆದು ಬಿಡುತ್ತಾನಲ್ಲ, ನನ್ನ ಪ್ರಕಾರ ಪ್ರೀತಿ ಅಲ್ಲಿಂದ ಶುರು. ಶಾಪ ಬಿಡದೆ ಹಾಗೇ ಉಳಿಯಬಹುದು ಅಂತ ಗೊತ್ತಿದ್ದೇ ಕಳಿಸುತ್ತಾನೆ. ಆ ಒಂದು ದೃಶ್ಯ ತೆಗೆದರೆ ಉಳಿದ ಸಿನಿಮಾ ನಿಲ್ಲುವುದಿಲ್ಲ.

2013ರ ಫ್ರೋಜನ್ ಇದೇ ವಿಷಯವನ್ನು ಜಾಣತನದಿಂದ ಬಳಸಿಕೊಂಡಿದೆ. ಆನಾ ಭೇಟಿಯಾದ ದಿನವೇ ಹಾನ್ಸ್‌ನನ್ನು ಮದುವೆಯಾಗುತ್ತೇನೆ ಅನ್ನುತ್ತಾಳೆ, ಅಕ್ಕ ಒಪ್ಪುವುದಿಲ್ಲ. ಹಾನ್ಸ್‌ನ ಪ್ರೀತಿ ನಾಟಕ ಅಂತ ಆಮೇಲೆ ಗೊತ್ತಾಗುತ್ತದೆ. ಎರಡನೇ ಸಲ ನೋಡುವಾಗ ಅವನ ಒಳ್ಳೆತನವೆಲ್ಲ ಯಾರೆದುರು ನಡೆಯುತ್ತದೆ ಅಂತ ಗಮನಿಸಿ. ಊರಿನವರಿಗೆ ಚಳಿಗೆ ನಿಲುವಂಗಿ ಹಂಚುವುದೂ ಎಲ್ಲರ ಕಣ್ಣೆದುರಿಗೇ.

ಮುಂದಿನ ಭಾನುವಾರಕ್ಕೆ

ಎಲ್ಲರೂ ಒಂದೊಂದು ದೃಶ್ಯ ಆರಿಸಿಕೊಂಡು ಬನ್ನಿ, ಅನಿಮೇಷನ್ ಆದರೂ ಸರಿ, ವಾರಪತ್ರಿಕೆಯ ಧಾರಾವಾಹಿ ಆದರೂ ಸರಿ. ಸಿನಿಮಾ ಆದರೆ ಧ್ವನಿ ತೆಗೆದು ನೋಡಿ. ಕಾದಂಬರಿ ಆದರೆ ‘ಪ್ರೀತಿ’ ಅನ್ನುವ ಪದ ಇರುವ ಸಾಲುಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಮುಚ್ಚಿ ಓದಿ. ಆಮೇಲೆ ಏನು ಉಳಿಯಿತು ಅಂತ ಅರ್ಧ ಪುಟ ಬರೆಯಿರಿ. ನಾನು 1997ರ ಪ್ರಿನ್ಸೆಸ್ ಮೊನೊನೋಕೆಯ ಕೊನೆಯ ದೃಶ್ಯ ತರುತ್ತೇನೆ. ನಾಯಕಿ ಸಾನ್ ಕಾಡಿನಲ್ಲಿ ಉಳಿಯುತ್ತಾಳೆ, ನಾಯಕ ಅಶಿತಾಕ ಊರು ಕಟ್ಟಲು ಕೆಳಗೆ ಉಳಿಯುತ್ತಾನೆ, ಆಗಾಗ ಬಂದು ನೋಡುತ್ತೇನೆ ಅನ್ನುತ್ತಾನೆ. ಅದನ್ನು ಎಷ್ಟು ಜನ ನಂಬುತ್ತೀರಿ ಅಂತ ನನಗೆ ಕೇಳಬೇಕು.