‘ಪರ್ಸೆಂಟೇಜ್ ಎಷ್ಟು ಬಂತು?’: ಗಳಿಕೆ ಸಾಮರ್ಥ್ಯದ ನಷ್ಟ ಎಂದರೇನು

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಡೆ ದುಡಿಯುವವರ ನಡುವೆ ಒಂದು ಪ್ರಶ್ನೆ ಬಳಕೆಯಲ್ಲಿದೆ. ಯಾರಾದರೂ ಯಂತ್ರಕ್ಕೆ ಕೈ ಕೊಟ್ಟು, ಆಸ್ಪತ್ರೆ ಮುಗಿಸಿ ಮನೆಗೆ ಬಂದರೆ ನೋಡಲು ಹೋದವರು ಮೊದಲು ನೋವಿನ ಬಗ್ಗೆ, ಊಟದ ಬಗ್ಗೆ, ರಾತ್ರಿ ನಿದ್ದೆಯ ಬಗ್ಗೆ ವಿಚಾರಿಸುತ್ತಾರೆ. ಕಾಫಿ ಬಂದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಪರ್ಸೆಂಟೇಜ್ ಎಷ್ಟು ಬಂತು?’ ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳುವ ಧಾಟಿಯೇ ಅದು. ಇಲ್ಲಿ ಅಂಕ ಏರಿದಷ್ಟೂ ಕಳೆದುಕೊಂಡದ್ದು ಹೆಚ್ಚು ಎಂಬುದಷ್ಟೇ ವ್ಯತ್ಯಾಸ.

‘ಯಂತ್ರಕ್ಕೆ ಕೈ ಕೊಟ್ಟ’ ಎಂಬ ನಮ್ಮ ಮಾತನ್ನೇ ಒಮ್ಮೆ ನೋಡಿ. ಕೊಟ್ಟವನು ಅವನೇ! ಉತ್ಪಾದನೆ ಬೇಗ ಆಗಲಿ ಎಂದು ಪ್ರೆಸ್ಸಿನ ಗಾರ್ಡ್ ಬಿಚ್ಚಿಟ್ಟವರು, ಸವೆದ ಪೆಡಲ್ ಬದಲಿಸದವರು, ಎರಡನೇ ಶಿಫ್ಟಿಗೂ ಅವನನ್ನೇ ನಿಲ್ಲಿಸಿದವರು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಈ ವಿಷಯದಲ್ಲಿ ಕಾನೂನು ನಮ್ಮ ಮಾತಿಗಿಂತ ಉದಾರಿ. ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ, ಪರಿಹಾರ ಕೊಡಲೇಬೇಕು. ಕುಡಿದಿದ್ದ, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದ ಎಂಬ ಮೂರು ವಾದಗಳಿಗೆ ಅವಕಾಶವಿದೆ. ಸಾವು ಅಥವಾ ಶಾಶ್ವತ ಪೂರ್ಣ ದುರ್ಬಲತೆ ಆದಾಗ ಆ ಮೂರೂ ನಡೆಯುವುದಿಲ್ಲ. ಬರೀ ‘ಅಜಾಗರೂಕತೆ’ ಎಂಬುದಂತೂ ಈ ಪಟ್ಟಿಯಲ್ಲೇ ಇಲ್ಲ.

ಪರ್ಸೆಂಟೇಜಿನ ಮಾತಿಗೆ ಬರೋಣ. ಆ ಪ್ರಶ್ನೆಗೆ ಸಿಗುವ ಉತ್ತರ ಒಂದು ಅಂಕಿ: ಹದಿನಾಲ್ಕು, ಮೂವತ್ತು, ಅರವತ್ತು. ಯಾವುದರಲ್ಲಿ ಹದಿನಾಲ್ಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೈಯಲ್ಲಿಯೇ, ದೇಹದಲ್ಲಿಯೇ, ಸಂಬಳದಲ್ಲಿಯೇ? ಕಾನೂನಿನ ಭಾಷೆಯಲ್ಲಿ ಇದಕ್ಕೆ ಇರುವ ಹೆಸರು ‘ಗಳಿಕೆ ಸಾಮರ್ಥ್ಯದ ನಷ್ಟ’. ಅಳೆಯುವುದು ದುಡಿಯುವ ಶಕ್ತಿಯನ್ನು. ಬೆರಳು, ಕಣ್ಣು, ಕಾಲು ಆ ಲೆಕ್ಕಕ್ಕೆ ಒಳಗೆ ಹೋಗುವ ಬಾಗಿಲುಗಳು ಮಾತ್ರ.

ಈ ಮಾತು ನಮ್ಮ ಕಾನೂನಿಗೆ ಬಂದದ್ದು 1923ರ ಕಾಯ್ದೆಯಿಂದ. ಕಾರ್ಮಿಕರ ಪರಿಹಾರ ಕಾಯ್ದೆ ಎಂದು ಹುಟ್ಟಿ, 2009ರ ತಿದ್ದುಪಡಿಯಲ್ಲಿ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು ಬದಲಿಸಿಕೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಮನೆ ಬದಲಾದರೂ ಪಾತ್ರೆ ಪಡಗ ಹಳೆಯವೇ. ಅವುಗಳಲ್ಲಿ ಮುಖ್ಯವಾದದ್ದು ಗಾಯಗಳ ಒಂದು ಅನುಸೂಚಿ, ಅಂದರೆ ಪಟ್ಟಿ.

ಐದು ಬೆರಳೂ ಸಮನಾಗಿರುವುದಿಲ್ಲ ಎಂಬ ಗಾದೆಗೆ ಯಾರಾದರೂ ಅಂಕಿ ಹಚ್ಚಿದ್ದರೆ ಅದು ಈ ಅನುಸೂಚಿಯೇ. ಹೆಬ್ಬೆರಳು ಪೂರ್ತಿ ಹೋದರೆ ಶೇ 30. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ ತಲಾ 7. ಒಂದೊಂದು ಬೆರಳಿನೊಳಗೆ ಮತ್ತೆ ಗೆಣ್ಣಿನ ಲೆಕ್ಕವಿದೆ: ತೋರುಬೆರಳಿನ ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಮೂಳೆ ಉಳಿದು ತುದಿಯಷ್ಟೇ ಕತ್ತರಿಸಿದರೆ 5. ಈ ಕೊನೆಯದಕ್ಕೆ ಇಂಗ್ಲಿಷ್ ಮೂಲದಲ್ಲಿ ಬಳಸಿರುವ ಪದ ‘ಗಿಲೋಟಿನ್’. ಫ್ರಾನ್ಸಿನಲ್ಲಿ ತಲೆ ಕಡಿಯುತ್ತಿದ್ದ ಯಂತ್ರದ ಹೆಸರು ಇಲ್ಲಿ ಉಗುರಿನ ತುದಿಗೆ ಬಂದು ಕುಳಿತಿದೆ. ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರಕ್ಕೆ 30, ನಾಲ್ಕಕ್ಕೆ 50, ಹಸ್ತವೇ ಹೋದರೆ 60. ಅಂದರೆ ಹೆಬ್ಬೆರಳೊಂದೇ ಮೂರು ಬೆರಳುಗಳಿಗೆ ಸಮ. ಸುತ್ತಿಗೆ ಹಿಡಿದವರಿಗೆ, ಕುಡುಗೋಲು ಹಿಡಿದವರಿಗೆ ಇದನ್ನು ಕಾನೂನು ಹೇಳಿಕೊಡಬೇಕಾಗಿಲ್ಲ. ಆದರೆ ಎಡಗೈ ಬಲಗೈ ಎಂಬ ಭೇದವನ್ನು ಬೆರಳುಗಳ ಪಟ್ಟಿ ಮಾಡುವುದಿಲ್ಲ. ಅದು ನನಗೆ ಇಂದಿಗೂ ಒಗಟು.

ಇನ್ನೊಂದು ವಿಚಿತ್ರವೂ ಇದೆ. ಇನ್ನೊಂದು ಕಣ್ಣು ಸರಿಯಾಗಿದ್ದು ಒಂದು ಕಣ್ಣುಗುಡ್ಡೆಯೇ ಹೋದರೆ ಶೇ 40. ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ ಶೇ 30. ನೋಡಲಾಗದ ಕಣ್ಣಿಗೂ ಹತ್ತರ ಬೆಲೆ! ಹಾಗೆ ನೋಡಿದರೆ ಶಾಸನ ದುಡಿಮೆಯನ್ನಷ್ಟೇ ಅಳೆಯುತ್ತಿಲ್ಲ, ಮುಖವನ್ನೂ ಲೆಕ್ಕಕ್ಕೆ ಹಿಡಿದಿದೆ. ಮುಖ ಅತಿ ತೀವ್ರವಾಗಿ ವಿರೂಪವಾದರೆ ಅದನ್ನು ಶೇ 100 ಎಂದೇ ಪರಿಗಣಿಸುತ್ತದೆ. ಎರಡೂ ಕೈ ಹೋದವರ ಸಾಲಿನಲ್ಲಿ, ಪೂರ್ತಿ ಕಿವುಡಾದವರ ಸಾಲಿನಲ್ಲಿ ಅವರೂ ಇದ್ದಾರೆ. ಅಂಗ ಕತ್ತರಿಸಿ ಹೋಗಲೇಬೇಕೆಂದೂ ಇಲ್ಲ. ಅದು ದೇಹದಲ್ಲೇ ಉಳಿದು ಶಾಶ್ವತವಾಗಿ, ಸಂಪೂರ್ಣವಾಗಿ ಉಪಯೋಗ ಕಳೆದುಕೊಂಡರೆ ಹೋದ ಹಾಗೆಯೇ ಲೆಕ್ಕ ಎಂದು ಅನುಸೂಚಿಯ ಕೊನೆಯಲ್ಲಿ ಒಂದು ಟಿಪ್ಪಣಿ ಇದೆ. ತೆಂಗಿನ ನಾರಿನ ಯಂತ್ರಕ್ಕೆ ಸಿಕ್ಕ ಕೈ ಉಳಿದರೂ ಬೆರಳು ಮಡಚಲು ಬಾರದವರು ತಿಪಟೂರು, ಗುಬ್ಬಿಯ ಕಡೆ ಇದ್ದಾರೆ. ‘ಕೈ ಇದೆಯಲ್ಲ’ ಎಂದು ಮಾತು ಮುಗಿಸುವವರಿಗೆ ಈ ಟಿಪ್ಪಣಿಯೇ ಉತ್ತರ.

ಜನ ಎಡವುವ ಜಾಗ ಇನ್ನು ಮುಂದಿದೆ. ಅನುಸೂಚಿಯ ಅಂಕಿಯೇ ಅಂತಿಮವೇ?

ಇದಕ್ಕೆ ಎರಡು ವ್ಯಾಖ್ಯೆಗಳನ್ನು ನಿಧಾನವಾಗಿ ಓದಬೇಕು. ಅಪಘಾತದ ಹೊತ್ತಿನಲ್ಲಿ ಆ ವ್ಯಕ್ತಿ ಮಾಡಬಲ್ಲವನಾಗಿದ್ದ ಪ್ರತಿಯೊಂದು ಉದ್ಯೋಗದಲ್ಲಿಯೂ ಗಳಿಕೆ ಸಾಮರ್ಥ್ಯ ಕುಗ್ಗಿದರೆ ಅದು ಶಾಶ್ವತ ಭಾಗಶಃ ದುರ್ಬಲತೆ. ಅಪಘಾತದ ಹೊತ್ತಿನಲ್ಲಿ ಅವನು ಮಾಡಬಲ್ಲವನಾಗಿದ್ದ ಎಲ್ಲ ಕೆಲಸಕ್ಕೂ ಅವನು ಅನರ್ಹನಾದರೆ ಅದು ಪೂರ್ಣ ದುರ್ಬಲತೆ. ಎರಡರಲ್ಲೂ ಬೀಗದ ಕೈ ಒಂದೇ: ‘ಅಪಘಾತದ ಹೊತ್ತಿನಲ್ಲಿ ಮಾಡಬಲ್ಲವನಾಗಿದ್ದ’. ಪ್ರಪಂಚದಲ್ಲಿರುವ ಎಲ್ಲ ಕೆಲಸ ಎಂದು ಶಾಸನ ಹೇಳಿಲ್ಲ. ಇಪ್ಪತ್ತು ವರ್ಷ ಮರಗೆಲಸ ಮಾಡಿದವನಿಗೆ ‘ಲಿಫ್ಟ್ ನಡೆಸು, ಗೇಟಿನಲ್ಲಿ ಕುಳಿತು ಚೀಟಿ ಹರಿ’ ಎಂದು ಹೇಳಿ, ಅದನ್ನು ಅವನ ಉಳಿದ ಸಾಮರ್ಥ್ಯದ ಲೆಕ್ಕಕ್ಕೆ ಹಾಕಿಕೊಳ್ಳುವ ಹಾಗಿಲ್ಲ.

ಮರಗೆಲಸದ ಮಾತನ್ನು ಬೇಕೆಂದೇ ತಂದೆ. 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದುದು ಒಡಿಶಾದ ಒಬ್ಬ ಬಡಗಿಯ ಪ್ರಕರಣ. ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದಾಗ ಬಿದ್ದು, ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿ ನೋಡಿದರೆ ಇದು ಭಾಗಶಃ ದುರ್ಬಲತೆ, ನೂರಕ್ಕೆ ನೂರು ಹೇಗೆ ಕೊಡುತ್ತೀರಿ ಎಂಬುದು ಮಾಲೀಕರ ವಾದ. ಬಡಗಿತನ ಒಂದೇ ಕೈಯಲ್ಲಿ ಆಗುವ ಕೆಲಸವಲ್ಲ, ಆದ್ದರಿಂದ ಅವನಿಗಾದದ್ದು ಪೂರ್ಣ ದುರ್ಬಲತೆಯೇ ಎಂಬ ಪರಿಹಾರದ ದಾವೆ ಕೇಳುವ ಆಯುಕ್ತರ ತೀರ್ಮಾನವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಗಾಯವಾದ ಕ್ಷಣದಿಂದಲೇ ಮಾಲೀಕನ ಹೊಣೆ ಶುರುವಾಗುತ್ತದೆ ಎಂದೂ ಅದೇ ತೀರ್ಪು ಹೇಳಿತು. ಅರ್ಧ ಶತಮಾನದ ನಂತರವೂ ಇಂಥ ದಾವೆಗಳಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪು ಅದು.

ನಮ್ಮೂರಿನಲ್ಲೇ ಇದನ್ನು ಯೋಚಿಸಿ ನೋಡಬಹುದು. ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇದ್ದ ಕಾಲದಲ್ಲಿ ಚಿಮಟ ಹಿಡಿದು ಮುಳ್ಳು, ಚಕ್ರ ಜೋಡಿಸುತ್ತಿದ್ದವರಿಗೆ ತೋರುಬೆರಳ ತುದಿಯೇ ಅನ್ನ. ಅಂಥವರ ತುದಿ ಕತ್ತರಿಸಿ ಸ್ಪರ್ಶ ಸತ್ತರೆ ಪಟ್ಟಿ ಕೊಡುವುದು 5. ಅದೇ ಗಾಯವಾದ ಮೂಟೆ ಹೊರುವವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಮೂಟೆ ಹೊರುತ್ತಾರೆ. ಅವರಿಗೂ 5. ಪಟ್ಟಿಯ ಬೆರಳಿಗೆ ಕಸುಬು ಇಲ್ಲ, ಮನುಷ್ಯನ ಬೆರಳಿಗೆ ಇದೆ. ಪಟ್ಟಿಯನ್ನು ನೆಲ ಎಂದು ತಿಳಿಯಬೇಕು, ಛಾವಣಿ ಎಂದು ಅಲ್ಲ. ಅದಕ್ಕಿಂತ ಮೇಲೆ ಹೋಗಲು ಕಸುಬನ್ನು ಸಾಕ್ಷ್ಯವಾಗಿ ಮುಂದಿಡಬೇಕು.

ಇದರ ಜೊತೆಗೆ ವೈದ್ಯರ ಪರ್ಸೆಂಟೇಜ್ ಎಂಬುದೊಂದು ಬೇರೆ ಇದೆ, ಗೊಂದಲದ ಮೂಲವೇ ಅದು. ಅಂಗವಿಕಲರ ಗುರುತಿನ ಚೀಟಿಗಾಗಿ ಮಂಡಳಿ ಕೊಡುವ ಅಂಕಿ ಅಂಗದ ಚಲನೆ, ಶಕ್ತಿಯನ್ನು ಅಳೆಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಹಲವು ಸೌಲಭ್ಯಗಳಿಗೆ ಅದು ಕನಿಷ್ಠ 40 ಇರಬೇಕು. ಆ ಚೀಟಿ ಹಿಡಿದು ಬಂದು ‘ನನಗೆ ನಲವತ್ತು ಬಂದಿದೆ, ಕಂಪನಿ ಹದಿನಾಲ್ಕು ಎನ್ನುತ್ತದೆ, ಮೋಸ’ ಎಂದು ಸಿಟ್ಟಾದವರನ್ನು ಕಂಡಿದ್ದೇನೆ. ಇಬ್ಬರೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ್ದಾರೆ, ಅಷ್ಟೇ. ಪಟ್ಟಿಯಲ್ಲಿ ಇಲ್ಲದ ಗಾಯಗಳಿದ್ದಾಗ, ಉದಾಹರಣೆಗೆ ಬೆನ್ನುಮೂಳೆ ಮುರಿತ, ತಲೆಗೆ ಪೆಟ್ಟು, ಸುಟ್ಟ ಗಾಯ, ಅರ್ಹ ವೈದ್ಯರೇ ಗಳಿಕೆ ಸಾಮರ್ಥ್ಯದ ನಷ್ಟವನ್ನು ಅಂದಾಜು ಮಾಡಬೇಕು, ಹಾಗೆ ಮಾಡುವಾಗ ಪಟ್ಟಿಯ ಅಂಕಿಗಳನ್ನೂ ಗಮನದಲ್ಲಿಡಬೇಕು. ಆದರೆ ಬಹುತೇಕ ಪ್ರಮಾಣಪತ್ರಗಳಲ್ಲಿ ‘ಕಾಲಿಗೆ ಮೂವತ್ತು, ಇಡೀ ದೇಹಕ್ಕೆ ಹತ್ತು’ ಎಂದು ಬರೆದು ವೈದ್ಯರು ಕೈ ತೊಳೆದುಕೊಳ್ಳುತ್ತಾರೆ. ಕಾಲಿನ ಮೂವತ್ತೂ ದೇಹದ ಹತ್ತೂ ದುಡಿಮೆಯ ಅಂಕಿಗಳಲ್ಲ. ವೈದ್ಯಕೀಯ ಶೇಕಡಾವಾರನ್ನು ಯಾಂತ್ರಿಕವಾಗಿ ಗಳಿಕೆಯ ನಷ್ಟಕ್ಕೆ ಸಮ ಎಂದು ಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ರಸ್ತೆ ಅಪಘಾತದ ಪ್ರಕರಣವೊಂದರಲ್ಲಿ ಬಿಡಿಸಿ ಹೇಳಿದೆ.

ಅಂಕಿ ಹಣವಾಗುವುದು ಹೀಗೆ. ಮಾಸಿಕ ವೇತನದ ಶೇ 60ನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಗುಣಕದಿಂದ ಗುಣಿಸಬೇಕು. ಅದು ಪೂರ್ಣ ದುರ್ಬಲತೆಯ ಮೊತ್ತ. ಅದರಲ್ಲಿ ನಷ್ಟದ ಶೇಕಡಾವಾರು ತೆಗೆದರೆ ಭಾಗಶಃ ದುರ್ಬಲತೆಯದು. 1923ರ ಕಾಯ್ದೆಯಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. ಇಪ್ಪತ್ತೈದು ಸಾವಿರ ಎಣಿಸಿಕೊಳ್ಳುವವನೂ ಈ ಲೆಕ್ಕದೊಳಗೆ ಬಂದಾಗ ಹದಿನೈದು ಸಾವಿರದವನೇ. ಮೂವತ್ತು ವರ್ಷದವನ ಗುಣಕ 207.98. ಹದಿನೈದು ಸಾವಿರದ ಶೇ 60 ಎಂದರೆ 9,000, ಗುಣಿಸಿದರೆ 18,71,820 ರೂಪಾಯಿ. ಹೆಬ್ಬೆರಳು ಹೋಗಿದ್ದರೆ ಅದರ ಶೇ 30, ಅಂದರೆ 5,61,546. ಅದೇ ಹೆಬ್ಬೆರಳು ಐವತ್ತನೇ ವಯಸ್ಸಿನಲ್ಲಿ ಹೋದರೆ ಗುಣಕ 153.09ಕ್ಕೆ ಇಳಿಯುತ್ತದೆ, ಮೊತ್ತ 4,13,343. ಮುಂದೆ ದುಡಿಯುವ ವರ್ಷಗಳು ಕಡಿಮೆ ಎಂಬ ತರ್ಕ. ಹೆಬ್ಬೆರಳು ಹೋದ ಅದೇ ಮೂವತ್ತರ ಯುವಕ ತನ್ನ ಕಸುಬಿಗೆ ಇನ್ನು ಪೂರ್ತಿ ಅನರ್ಹ ಎಂದು ತೋರಿಸಿಕೊಟ್ಟರೆ ಐದೂವರೆ ಲಕ್ಷದ ಜಾಗದಲ್ಲಿ ಹದಿನೆಂಟು ಲಕ್ಷ. ‘ಯಾವುದರ ಪರ್ಸೆಂಟೇಜ್’ ಎಂಬ ಪ್ರಶ್ನೆಯ ಬೆಲೆ ಅಷ್ಟಿದೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿಯಲ್ಲಿರುವವರ ದಾರಿ ಬೇರೆ. ಅವರು ಮಾಲೀಕರಿಂದ ಈ ಇಡಿಗಂಟನ್ನು ಕೇಳುವಂತಿಲ್ಲ. ಅದರ ಬದಲು ವೈದ್ಯಕೀಯ ಮಂಡಳಿ ಗಳಿಕೆ ಸಾಮರ್ಥ್ಯದ ನಷ್ಟವನ್ನು ಗೊತ್ತುಮಾಡುತ್ತದೆ. ಸರಾಸರಿ ದಿನಗೂಲಿಯ ಶೇ 90ರಲ್ಲಿ ಆ ಶೇಕಡಾವಾರು ಎಷ್ಟಾಗುತ್ತದೋ ಅಷ್ಟು ಬದುಕಿರುವವರೆಗೂ ಬರುತ್ತದೆ. ದಿನಕ್ಕೆ 600 ರೂಪಾಯಿಯವನಿಗೆ 540ರಲ್ಲಿ ಶೇ 30, ದಿನವೊಂದಕ್ಕೆ 162. ದೊಡ್ಡ ಮೊತ್ತ ಕಣ್ಣಿಗೆ ಕಾಣುವುದಿಲ್ಲವೆಂದು ಇದನ್ನು ಹಳಿಯುವವರಿದ್ದಾರೆ. ಇಡಿಗಂಟು ಎರಡು ವರ್ಷದಲ್ಲಿ ಸೈಟು, ಮದುವೆ, ಸಾಲಕ್ಕೆ ಹರಿದುಹೋದುದನ್ನು ನೋಡಿದ ಮೇಲೆ ನಾನು ಹಳಿಯುವುದಿಲ್ಲ. ಗುತ್ತಿಗೆದಾರ ಇಎಸ್‌ಐ ಕಟ್ಟಿಯೇ ಇರಲಿಲ್ಲ ಎಂದು ಅಪಘಾತದ ಮರುದಿನ ತಿಳಿಯುವುದೂ ಇದೆ. ಇಎಸ್‌ಐ ಅನ್ವಯಿಸದ ಕಡೆ ಗುತ್ತಿಗೆದಾರ ಕೈ ಎತ್ತಿದರೆ ಮೂಲ ಮಾಲೀಕನನ್ನೇ ಪರಿಹಾರ ಕೇಳಬಹುದು. ‘ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದಲ್ಲಿ ಸಹಿ ಹಾಕಿಸಿಕೊಂಡ ಒಪ್ಪಂದ ಹಕ್ಕನ್ನು ಬಿಟ್ಟುಕೊಡುವ ಮಟ್ಟಿಗೆ ಅಸಿಂಧು. ದಾವೆ ಹೂಡಲು ಅಪಘಾತದ ದಿನದಿಂದ ಎರಡು ವರ್ಷ.

‘ಗಂಭೀರ ಗಾಯ’ ಎಂಬುದಕ್ಕೂ ಪತ್ರಿಕೆಯ ಅರ್ಥ ಬೇರೆ, ಶಾಸನದ ಅರ್ಥ ಬೇರೆ. ಅಂಗದ ಶಾಶ್ವತ ಹಾನಿ, ದೃಷ್ಟಿ ಅಥವಾ ಶ್ರವಣದ ನಷ್ಟ, ಕೈಕಾಲಿನ ಮೂಳೆ ಮುರಿತ, ಇಲ್ಲವೇ ಇಪ್ಪತ್ತು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಹೋಗಲಾಗದ ಸ್ಥಿತಿ: ಇವುಗಳಲ್ಲಿ ಯಾವುದಿದ್ದರೂ ಅದು 1923ರ ಕಾಯ್ದೆಯ ಪ್ರಕಾರ ಗಂಭೀರವೇ. ‘ಸಣ್ಣ ಪೆಟ್ಟು, ಪ್ಲಾಸ್ಟರ್ ಹಾಕಿಸಿದ್ದೇವೆ’ ಎಂದು ಕಂಪನಿಯ ಕಡೆಯವರು ಹೇಳುವ ಬಹಳಷ್ಟು ಗಾಯಗಳು ಈ ಸಾಲಿನಲ್ಲಿವೆ.

ಇಷ್ಟೆಲ್ಲ ಲೆಕ್ಕಕ್ಕೂ ಬೀಜ ಬೀಳುವುದು ಮೊದಲ ಗಂಟೆಯಲ್ಲಿ, ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ. ಗಾಯಗೊಂಡವನು ಮಾತನಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೇಲ್ವಿಚಾರಕನೋ ಗುತ್ತಿಗೆದಾರನ ಕಡೆಯ ಹುಡುಗನೋ ವಿವರ ಬರೆಸುತ್ತಾನೆ. ಗಾಯವಾದದ್ದು ಹೇಗೆ ಎಂಬಲ್ಲಿ ‘ಮನೆಯಲ್ಲಿ ಬಿದ್ದು’ ಎಂದು ಬರೆಸುವವರೂ ಇದ್ದಾರೆ, ಅದು ಸುಳ್ಳು ಎಂದು ಎಲ್ಲರಿಗೂ ತಿಳಿಯುತ್ತದೆ, ಯಾವತ್ತಾದರೂ ತಿದ್ದಿಸುತ್ತಾರೆ. ಅದರ ಮೇಲಿನ ಸಾಲನ್ನು ಮಾತ್ರ ಯಾರೂ ನೋಡುವುದಿಲ್ಲ. ಆರು ವರ್ಷ ಪವರ್ ಪ್ರೆಸ್ ನಡೆಸಿದವನ, ಡೈ ಕೂರಿಸಲು ಕಲಿತವನ, ಸಾವಿರದಲ್ಲಿ ಒಂದು ತುಂಡು ತಪ್ಪಿದರೂ ಸದ್ದಿನಲ್ಲೇ ಗುರುತಿಸುತ್ತಿದ್ದವನ ಹೆಸರಿನ ಮುಂದೆ ಆ ಹುಡುಗ ಬರೆಸಿರುತ್ತಾನೆ: ವೃತ್ತಿ – ಕೂಲಿ.